ಗೆಳೆಯರ ಕಿವಿ

ಬರೆದ ಕವಿತೆಯನ್ನು ಮೊದಲ ಸಲ ಇನ್ನೊಬ್ಬರ ಮುಂದೆ ಓದುವಾಗ ದನಿ ಸಣ್ಣದಾಗುತ್ತದೆ. ಆ ಹೊತ್ತಿಗೆ ಎದುರಿಗೆ ಕೂತವರು ಹೇಗೆ ಕೇಳುತ್ತಾರೆ ಎಂಬುದರ ಮೇಲೆ ಎಷ್ಟೋ ಕವಿಗಳ ಮುಂದಿನ ದಾರಿ ನಿಂತಿರುತ್ತದೆ. ಧಾರವಾಡದಲ್ಲಿ 1920ರ ದಶಕದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕೂಡಿದ 'ಗೆಳೆಯರ ಗುಂಪು' ನನಗೆ ಇಷ್ಟವಾಗುವುದು ಇದಕ್ಕೇ. ಬೆಟಗೇರಿ ಕೃಷ್ಣಶರ್ಮ, ಶಂ.ಬಾ. ಜೋಶಿ, ರಂ.ಶ್ರೀ. ಮುಗಳಿ, ಎಲ್ಲರೂ ಆಗ ಎಳೆಯರೇ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾರ್ಥಿ ವಿ.ಕೃ. ಗೋಕಾಕರನ್ನು ಕನ್ನಡಕ್ಕೆ ಒಲಿಸಿದವರು ಬೇಂದ್ರೆ. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂತು. ಆದರೆ ಆ ಒಲಿಸುವಿಕೆಯೇ ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಅತ್ತ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು. ಹೆಣ್ಣುಮಕ್ಕಳು ಬೀಸುತ್ತ ಕುಟ್ಟುತ್ತ ಹಾಡಿದ್ದನ್ನೂ ಕಾವ್ಯವೆಂದೇ ಕಿವಿಗೊಟ್ಟು ಕೇಳಿದ ಬಳಗ ಅದು. ಆ ಹಾಡುಗಳ ಸಂಗ್ರಹ 'ಗರತಿಯ ಹಾಡು' 1931ರಲ್ಲಿ ಪುಸ್ತಕವಾಯಿತು.

ಹುರಿದುಂಬಿಸುವುದೂ ಒಂದು ಕಸುಬು. ಬರೀ 'ಭಾಳ ಛಲೋ ಅದ' ಅಂದರೆ ಸಾಲದು. ಯಾವ ಸಾಲು ನಾಟಿತು, ಯಾವ ಮಾತಿನಲ್ಲಿ ಲಯ ಮುಗ್ಗರಿಸಿತು ಎಂದು ಬೆರಳಿಟ್ಟು ತೋರಿಸಬೇಕು. ಅದಕ್ಕೆ ಕವಿತೆಯನ್ನು ಎರಡು ಸಲ ಓದುವ ತಾಳ್ಮೆ ಬೇಕು, ಬರೆದವರ ಮೇಲೆ ಅಕ್ಕರೆ ಬೇಕು.

ಇಂದು ಫೋನಿನಲ್ಲಿ ಯಾರೋ ಹೊಸಬರು ತಮ್ಮ ಕವಿತೆ ಕಳಿಸಿದರೆ ಹೆಬ್ಬೆರಳ ಚಿತ್ರ ಒತ್ತಿ ಮುಂದೆ ಹೋಗಬೇಡಿ. ನಿಮಗೆ ಹಿಡಿಸಿದ ಒಂದು ಸಾಲನ್ನು ಹೆಸರಿಸಿ ಉತ್ತರ ಬರೆಯಿರಿ.