ಗುಜರಿಯ ಪಂಪು, ದೂರದರ್ಶಕದ ಕನ್ನಡಿ

ಕೈಯಾರೆ ಗಾಜು ಉಜ್ಜಿ ದೂರದರ್ಶಕದ ಕನ್ನಡಿ ಮಾಡುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟುತ್ತದೆ: ಅಲ್ಯೂಮಿನಿಯಂ ಲೇಪನವನ್ನೂ ನಾವೇ ಮಾಡಿಕೊಂಡರೇನು? ಲ್ಯಾಬುಗಳು ಹರಾಜಿಗೆ ಹಾಕಿದ ಹಳೆಯ ನಿರ್ವಾತ ಯಂತ್ರಗಳು ಅಗ್ಗಕ್ಕೆ ಸಿಗುತ್ತವಲ್ಲ? ಆಸೆ ಸರಿಯೇ. ಖರೀದಿಯ ರೀತಿ ಮಾತ್ರ ತಲೆಕೆಳಗು. ಎಲ್ಲರ ಕಣ್ಣೂ ಪಂಪಿನ ಮೇಲೆ. ಒತ್ತಡ ಅಳೆಯುವ ಗೇಜನ್ನು ಕೇಳುವವರೇ ಇಲ್ಲ.

ವಿದ್ಯೆ ಹಳೆಯದು. ಕ್ಯಾಲ್ಟೆಕ್‌ನ ಜಾನ್ ಸ್ಟ್ರಾಂಗ್ 1935ರಲ್ಲಿ ಮೌಂಟ್ ವಿಲ್ಸನ್ನಿನ 100 ಇಂಚಿನ ಕನ್ನಡಿಗೆ ಬೆಳ್ಳಿಯ ಬದಲು ಅಲ್ಯೂಮಿನಿಯಂ ಹಚ್ಚಿದರು. ಟಂಗ್‌ಸ್ಟನ್ ಸುರುಳಿಗೆ (ಫಿಲಮೆಂಟ್) ಅಲ್ಯೂಮಿನಿಯಂ ತಂತಿಯ ತುಂಡು ಸಿಕ್ಕಿಸಿ ಕಾಯಿಸಿದರೆ ಅದು ಆವಿಯಾಗಿ ಗಾಜಿನ ಮೇಲೆ ಕೂರುತ್ತದೆ. ನಡುವೆ ಗಾಳಿಯ ಅಣು ಅಡ್ಡ ಬರಬಾರದು, ಅಷ್ಟೇ. ಒತ್ತಡದ ಅಳತೆಯಾದ ಟಾರ್‌ನ ಹತ್ತು ಸಾವಿರದಲ್ಲೊಂದು ಭಾಗದಲ್ಲಿ ಅಣುವೊಂದು ಡಿಕ್ಕಿಯಿಲ್ಲದೆ ಸರಾಸರಿ ಅರ್ಧ ಮೀಟರ್ ಹೋಗುತ್ತದೆ. ಒತ್ತಡ ಇನ್ನೂ ಹತ್ತು ಪಟ್ಟು ಇಳಿದರೆ ಐದು ಮೀಟರ್. ನಮಗೆ ಬೇಕಾದದ್ದು ಆ ಎರಡನೆಯದು.

ಗುಜರಿಯಲ್ಲಿ ಎಡವುವುದು ಇಲ್ಲೇ. ಫ್ರಿಜ್ ಮೆಕ್ಯಾನಿಕ್ಕಿನ ಪಂಪು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಮಾದರಿಗಳಿಗೆ ಚಿನ್ನ ಹಚ್ಚುವ ಪುಟ್ಟ ಯಂತ್ರ, ಎಲ್ಲದಕ್ಕೂ ‘ವ್ಯಾಕ್ಯೂಮ್’ ಎಂಬ ಚೀಟಿ ಇರುತ್ತದೆ. ರೋಟರಿ ಪಂಪು ಒಂದೇ ಇರುವ ಯಂತ್ರ ಅಷ್ಟು ಕಡಿಮೆ ಒತ್ತಡಕ್ಕೆ ಇಳಿಯದು, ಈ ಕೆಲಸಕ್ಕೆ ಬಾರದು. ಅಗಲ ಬಾಯಿ, ಮೈಸುತ್ತ ನೀರಿನ ಕೊಳವೆ, ಬುಡದಲ್ಲಿ ಹೀಟರ್, ಪಕ್ಕದಿಂದ ಹೊರಟ ಸಣ್ಣ ನಳಿಕೆ ಇರುವ ಸಿಲಿಂಡರ್ ಕಂಡರೆ ಅದು ಡಿಫ್ಯೂಷನ್ ಪಂಪು, ಅದನ್ನು ಹುಡುಕಬೇಕು. ಬಿಡಿಭಾಗ ಕೂಡಿಸುವುದಕ್ಕಿಂತ ಪೂರ್ತಿ ಯೂನಿಟ್ಟೇ ಮೇಲು. ಬೆಂಗಳೂರಿನ ಹಿಂದ್ ಹೈವ್ಯಾಕ್‌ನ 12ಎ4 ಕೋಟಿಂಗ್ ಯೂನಿಟ್ ನಮ್ಮ ಎಷ್ಟೋ ಭೌತಶಾಸ್ತ್ರ ವಿಭಾಗಗಳಲ್ಲಿ ತೆಳುಪದರದ ಸಂಶೋಧನೆಗೆ ದುಡಿದಿದೆ. ಅಂಥದ್ದು ಹರಾಜಿಗೆ ಬಂದರೆ ಬಿಡಬಾರದು.

ಪಂಪು ಹಿಂದೆ ಏನನ್ನು ಎಳೆದಿತ್ತು ಎಂದು ವಿಚಾರಿಸದೆ ದುಡ್ಡು ಕೊಡುವುದು ಮೂರ್ಖತನ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅದನ್ನು ಬದಲಿಸಬಹುದು. ಅರೆವಾಹಕ ಲ್ಯಾಬಿನಲ್ಲಿ ಫಾಸ್ಫೀನ್, ಆರ್ಸೀನ್ ಎಳೆದ ಪಂಪಾದರೆ ಮನೆಗೆ ತರಲೇಬಾರದು. ತೀರಾ ಹಳೆಯವುಗಳಲ್ಲಿ ಪಾದರಸವೂ ಇರಬಹುದು.

ಇನ್ನು ಗೇಜು. ಒಳಗೆ ಕೊಳೆ ಕಟ್ಟಿದ ಪೆನ್ನಿಂಗ್ ಗೇಜು ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಿರ್ವಾತ ಚೆನ್ನಾಗಿದೆ ಎಂದು ನಂಬಿ ಫಿಲಮೆಂಟ್ ಹೊತ್ತಿಸಿದರೆ ಕನ್ನಡಿಗೆ ಹತ್ತುವುದು ಮಬ್ಬು ಪದರ. ಆಗ ಬೈಗುಳ ಬೀಳುವುದು ಪಂಪಿಗೆ! ಗೇಜನ್ನು ಬಿಚ್ಚಿ ಶುಚಿಮಾಡಿದ ಮೇಲೆ ಪಂಪಿನ ಕಡೆಯ ಕವಾಟ ಮುಚ್ಚಿ ಒತ್ತಡ ಏರುವುದನ್ನು ನೋಡಿ. ಒಂದೇ ಸಮನೆ ಏರುತ್ತಾ ಹೋದರೆ ಎಲ್ಲೋ ಲೀಕ್ ಇದೆ. ಏರಿಕೆ ಬರಬರುತ್ತಾ ನಿಧಾನವಾದರೆ ಗೋಡೆಗಂಟಿದ ತೇವ, ಎಣ್ಣೆ ಆವಿಯಾಗುತ್ತಿದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಹವ್ಯಾಸಿಗಳು ಯಾಕೆ ಕಡೆಗಣಿಸುತ್ತಾರೋ ಕಾಣೆ.

ಬೇಡದ ಚಿಂತೆಯೂ ಒಂದಿದೆ: ಅಂಚಿನಲ್ಲಿ ಪದರ ತೆಳುವಾಗುತ್ತದೆ ಎಂಬುದು. ಎಂಟು ಇಂಚಿನ ಕನ್ನಡಿಗೆ ಮೂವತ್ತು ಸೆಂ.ಮೀ. ದೂರದಲ್ಲಿ ಒಂದೇ ಫಿಲಮೆಂಟ್ ಇದ್ದರೆ ಅಂಚು ಶೇ. 15ರಷ್ಟು ತೆಳು, ನಿಜ. ನೂರು ನ್ಯಾನೋಮೀಟರ್ ಪದರದಲ್ಲಿ ಅದು ಹದಿನೈದು ನ್ಯಾನೋಮೀಟರ್. ಅದೂ ನುಣ್ಣಗೆ ಇಳಿಯುವುದರಿಂದ ಬಹುಪಾಲು ಫೋಕಸ್ ತುಸು ಸರಿಯುವುದರಲ್ಲೇ ಕರಗಿಹೋಗುತ್ತದೆ. ಚಿಂತಿಸಬೇಕಾದದ್ದು ಕನ್ನಡಿಯನ್ನು ಒಳಗಿಟ್ಟು ಮುಚ್ಚುವ ಗಾಜಿನ ಬೆಲ್ ಜಾರಿನ ಬಗ್ಗೆ. ಮೂವತ್ತು ಸೆಂ.ಮೀ. ವ್ಯಾಸದ ಜಾರಿನ ಮೇಲೆ ಗಾಳಿ ಒತ್ತುವ ಭಾರ ಸುಮಾರು 700 ಕಿಲೋ. ಕೂದಲೆಳೆಯ ಬಿರುಕಿದ್ದರೂ ಅದನ್ನು ಬಳಸಬಾರದು, ಬಿರುಕಿಲ್ಲದಿದ್ದರೂ ಸುತ್ತ ಲೋಹದ ಜಾಲರಿ ಬೇಕು.

ಒಂದೇ ಕನ್ನಡಿಗಾಗಿ ಇಷ್ಟೆಲ್ಲ ಮಾಡುವುದು ಉಳಿತಾಯವಲ್ಲ. ಲೇಪನದ ಅಂಗಡಿಗೆ ಕೊಡುವುದೇ ಅಗ್ಗ. ಕನ್ನಡಿಗಳು ಸಾಲುಗಟ್ಟಿರುವ ಖಗೋಳ ಸಂಘಕ್ಕೆ ಒಪ್ಪುವ ಕೆಲಸವಿದು. ಅವರೂ ಮೊದಲು ಮೈಕ್ರೋಸ್ಕೋಪಿನ ಸ್ಲೈಡಿಗೆ ಲೇಪಿಸಿ ನೋಡಲಿ. ಅದರ ಮೂಲಕ ಪ್ರಖರ ಬಲ್ಬು ಮಂಕು ನೀಲಿಯಾಗಿ ಕಂಡೂ ಕಾಣದಂತಿದ್ದರೆ ದಪ್ಪ ಸರಿಯಿದೆ.