ಕಾವೇರಿ ಮನೆಗೆ ಬಂದ ಮೇಲೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಲ್ಲುತ್ತಿದ್ದದ್ದು ಎರಡೇ ಕಾರಣಕ್ಕೆ: ಕರೆಂಟು ಹೋದಾಗ, ದೂರದರ್ಶನದಲ್ಲಿ ಕನ್ನಡ ಸಿನಿಮಾ ಬಂದಾಗ. ಒಂದು ವಾರ ‘ಶರಪಂಜರ’ ಬಂತು. ಹಜಾರದ ತುಂಬ ಹೆಂಗಸರು. ಚಿಕ್ಕಮ್ಮ ಮಾತ್ರ ಹಿಂದೆ ಗೋಡೆಗೊರಗಿ, ರಾಟೆ ಮುಂದಿಟ್ಟುಕೊಂಡು ಕಂಡಿಕೆ ಸುತ್ತುತ್ತಾ ಕೂತಿದ್ದಳು. ಕೊನೆಯ ದೃಶ್ಯಕ್ಕೆ ಎಲ್ಲರ ಸೆರಗೂ ಒದ್ದೆ. ಅಷ್ಟು ಜನರಲ್ಲಿ ಒಬ್ಬರೂ ಚಿಕ್ಕಮ್ಮನ ಕಡೆ ತಿರುಗಲಿಲ್ಲ. ಬೇಕೆಂದೇ ತಿರುಗುತ್ತಿಲ್ಲ ಎಂದು ತಿಳಿಯುವಷ್ಟು ನಾನು ದೊಡ್ಡವಳಾಗಿದ್ದೆ. ಸಿನಿಮಾದ ಕಾವೇರಿಯ ಹಾಗೆ ಅವಳಿಗೂ ಎರಡನೇ ಹೆರಿಗೆಯಲ್ಲಿ ಬಾಣಂತಿ ಸನ್ನಿ ಹಿಡಿದಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ವಾಸಿಯಾಗಿ ಬಂದಿದ್ದಳು. ಬಂದು ಎಷ್ಟೋ ವರ್ಷ ಆಗಿದ್ದರೂ ಬೀದಿಯಲ್ಲಿ ಯಾರೂ ಅವಳ ಕೈಗೆ ಕೂಸು ಕೊಡುತ್ತಿರಲಿಲ್ಲ.

ಜನ ಚದುರಿದ ಮೇಲೆ ಅವಳು ನನ್ನನ್ನು ಕೇಳಿದಳು: “ಅಲ್ಲ ಕಣೇ, ಅವಳನ್ನ ವಾಪಸ್ ಆಸ್ಪತ್ರೆಗೆ ಕರ್ಕೊಂಡೋದ್ರು, ಸರಿ. ಆಮೇಲೆ?”

ಕಾಯಿಲೆಯ ಹೆಣ್ಣನ್ನು ನಡುವೆ ಇಟ್ಟುಕೊಂಡು ಬರೆದ ಕನ್ನಡ ಕಾದಂಬರಿಗಳನ್ನು ನಾನು ಆಮೇಲೆ ಓದಿದ್ದೆಲ್ಲ ಈ ಪ್ರಶ್ನೆಯನ್ನು ಬಗಲಲ್ಲಿಟ್ಟುಕೊಂಡೇ. ಪ್ರಶ್ನೆ ಸಣ್ಣದು, ಆದರೆ ಇಡೀ ಪರಂಪರೆಯ ಹೆಚ್ಚುಗಾರಿಕೆ, ಕೊರತೆ ಎರಡೂ ಅದರಲ್ಲೇ ಸಿಕ್ಕಿಬೀಳುತ್ತವೆ.

ಮೊದಲು ತ್ರಿವೇಣಿ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ಅನಸೂಯಾ ಅವರ ಕಾವ್ಯನಾಮ ಅದು; ಬಿ.ಎಂ.ಶ್ರೀ. ಮನೆತನದವರು, ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಹತ್ತು ಹನ್ನೆರಡು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ಅವರಿಗೆ ಮುಂಚೆ ನಮ್ಮ ಕಥೆಗಳಲ್ಲಿ ‘ಹುಚ್ಚಿ’ ಇರಲಿಲ್ಲವೆಂದಲ್ಲ. ಊರ ಬಾವಿಕಟ್ಟೆಯ ಹತ್ತಿರ ತಲೆ ಕೆದರಿಕೊಂಡು ಕೂತು, ಕಥೆಗೆ ಒಂದಿಷ್ಟು ಭಯವನ್ನೋ ಕರುಣೆಯನ್ನೋ ಒದಗಿಸಿ ಮರೆಯಾಗುತ್ತಿದ್ದಳು. ತ್ರಿವೇಣಿ ಅವಳನ್ನು ಒಳಕ್ಕೆ ಕರೆದು, ಹೆಸರು ಕೊಟ್ಟು, ಅವಳ ಕಣ್ಣಿಂದ ಮನೆಯನ್ನು ನೋಡಿದರು. ‘ಬೆಕ್ಕಿನ ಕಣ್ಣು’ವಿನಲ್ಲಿ ಮಲತಾಯಿಯ ಕಾಟಕ್ಕೆ ನಲುಗಿದ ಹುಡುಗಿಯ ಮನಸ್ಸಿದೆ. ಪುಟ್ಟಣ್ಣ ಕಣಗಾಲ್ ಅದನ್ನು 1966ರಲ್ಲಿ ಮಲಯಾಳದಲ್ಲಿ ‘ಪೂಚಕ್ಕಣ್ಣಿ’ ಎಂದು ಸಿನಿಮಾ ಮಾಡಿದರು. ಆದರೆ ಹೆಸರು ಉಳಿದದ್ದು ‘ಶರಪಂಜರ’ದ್ದು.

ಆ ಕಾದಂಬರಿಯ ನಿಜವಾದ ಸಾಹಸ ಕಾಯಿಲೆಯ ವರ್ಣನೆಯಲ್ಲಿಲ್ಲ. ಕಾವೇರಿಗೆ ಹೆರಿಗೆಯ ನಂತರ ಬುದ್ಧಿ ಭ್ರಮಿಸುತ್ತದೆ, ಆಸ್ಪತ್ರೆ ಸೇರುತ್ತಾಳೆ, ವಾಸಿಯಾಗುತ್ತಾಳೆ. ಬೇರೆ ಯಾರಾದರೂ ಅಲ್ಲಿಗೆ ಶುಭಂ ಹಾಡುತ್ತಿದ್ದರು. ತ್ರಿವೇಣಿ ಕಥೆಯ ಬಿಸಿ ಏರಿಸುವುದೇ ಅಲ್ಲಿಂದ. ಮನೆಗೆ ಬಂದ ಕಾವೇರಿ ಜೋರಾಗಿ ನಕ್ಕರೆ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಅತ್ತರೆ ‘ಮತ್ತೆ ಶುರುವಾಯ್ತೇನೋ’. ಸುಮ್ಮನಿದ್ದರೆ ಅದೂ ಲಕ್ಷಣವೇ. ಗಂಡ ಬೇರೆ ಕಡೆ ವಾಲಿದ್ದಾನೆಂದು ಅವಳಿಗೆ ಅನುಮಾನ ಬರುತ್ತದೆ. ಅನುಮಾನ ನಿಜ, ಆದರೆ ಹುಚ್ಚು ಬಿಟ್ಟವಳ ಅನುಮಾನಕ್ಕೆ ಬೆಲೆಯೆಲ್ಲಿ? ಯಾವ ಹೆಂಡತಿಗಾದರೂ ಬರಬೇಕಾದ ಸಿಟ್ಟು ಅವಳಿಗೆ ಬಂದಾಗ ಅದಕ್ಕೆ ಸಿಟ್ಟೆಂಬ ಹೆಸರೇ ಸಿಗುವುದಿಲ್ಲ. ಬಾಣಗಳ ಪಂಜರ ಎಂಬ ಹೆಸರು ಇದಕ್ಕೇ ಒಪ್ಪುವುದು: ಒಂದೊಂದು ನೋಟ, ಒಂದೊಂದು ಪಿಸುಮಾತು ಒಂದೊಂದು ಸರಳು. ವಾಸಿಯಾಗಿರುವುದು ಅವಳಿಗೆ, ವಾಸಿಯಾಗದಿರುವುದು ಮನೆಗೆ.

ವೈದ್ಯರ ಮಾತಿನಲ್ಲಿ ಹೇಳುವುದಾದರೆ, ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಕಡೆ ಬಾಣಂತಿಗೆ ಹೀಗಾಗುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೇ ಶುರುವಾಗುತ್ತದೆ, ಸರಿಯಾಗಿ ನೋಡಿದರೆ ಚೆನ್ನಾಗಿಯೇ ಗುಣವಾಗುತ್ತದೆ. 2009ರಲ್ಲಿ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೇ ಇರುವ ವಾರ್ಡು ತೆರೆದರು; ಇವತ್ತಿನ ಕಾವೇರಿ ಕೂಸನ್ನು ಬಿಟ್ಟು ಹೋಗಬೇಕಿಲ್ಲ. ಇದನ್ನು ನೆನೆಯುವಾಗ ಇನ್ನೊಂದು ಸಂಗತಿ ಚುಚ್ಚುತ್ತದೆ. ಬಾಣಂತಿಯ ಸಂಕಟವನ್ನು ಕನ್ನಡಕ್ಕೆ ಕಾಣಿಸಿದ ತ್ರಿವೇಣಿ ತೀರಿಕೊಂಡದ್ದು ಬಾಣಂತನದಲ್ಲೇ, 1963ರ ಜುಲೈ 29ರಂದು, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. ಮೂವತ್ತೈದು ತುಂಬಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಲಂಡನ್ನಿನಲ್ಲಿ ಸಿಲ್ವಿಯಾ ಪ್ಲಾತ್ ಬೇರೆ ಹೆಸರಿನಲ್ಲಿ ‘ದ ಬೆಲ್ ಜಾರ್’ ಪ್ರಕಟಿಸಿ, ಫೆಬ್ರವರಿಯಲ್ಲಿ ಪ್ರಾಣ ಕಳೆದುಕೊಂಡಿದ್ದಳು. ಒಬ್ಬಳಿಗೆ ಗಾಜಿನ ಜಾಡಿ, ಇನ್ನೊಬ್ಬರಿಗೆ ಬಾಣದ ಪಂಜರ. ಹೋಲಿಕೆಯನ್ನು ಇನ್ನೂ ಎಳೆಯಲು ಹೋಗಬಾರದು: ಪ್ಲಾತಳ ಜಾಡಿಯೊಳಗೆ ಒಬ್ಬಳೇ ಉಸಿರುಗಟ್ಟುತ್ತಾಳೆ, ಕಾವೇರಿಯ ಪಂಜರವನ್ನು ಹೊರಗಿಂದ ನಾಲ್ಕು ಜನ ಸೇರಿ ಹೆಣೆಯುತ್ತಾರೆ. ನಮ್ಮ ಮನೆಗಳಲ್ಲಿ ಏಕಾಂತಕ್ಕೆ ಕೋಣೆಯೇ ಇರಲಿಲ್ಲವಲ್ಲ.

1971ರಲ್ಲಿ ಪುಟ್ಟಣ್ಣ ‘ಶರಪಂಜರ’ವನ್ನು ತೆರೆಗೆ ತಂದರು. ವನವಾಸ ಮುಗಿಸಿ ಬಂದ ಸೀತೆಗೆ ಕಾವೇರಿಯನ್ನು ಹೋಲಿಸುವ ಹಾಡೊಂದು ಅದರಲ್ಲಿದೆ. ಸೀತೆ ಬಂದಳು, ಆಮೇಲೆ ಮತ್ತೆ ಕಾಡಿಗೆ ಹೋದಳು ಎಂಬುದು ಕೇಳುವವರಿಗೆಲ್ಲ ಗೊತ್ತು. ಹಾಡಿನ ಸಂಭ್ರಮದೊಳಗೇ ಕೊನೆಯ ರೀಲು ಅಡಗಿದೆ. ಕಾವೇರಿಯಾಗಿ ಕಲ್ಪನಾ ಅಭಿನಯ ಎಷ್ಟು ದೊಡ್ಡದಾಯಿತೆಂದರೆ ಒಂದು ಅನಾಹುತವೂ ಆಯಿತು: ಕನ್ನಡಿಗರಿಗೆ ಮನೋರೋಗ ಎಂದರೆ ಅಗಲವಾದ ಕಣ್ಣು, ಬಿಚ್ಚಿದ ಜಡೆ, ಏರುದನಿ ಎಂದು ಅಚ್ಚಾಗಿಬಿಟ್ಟಿತು. ತ್ರಿವೇಣಿ ಸಾಲುಗಳ ನಡುವೆ ಬಚ್ಚಿಟ್ಟದ್ದನ್ನು ಸಿನಿಮಾ ಕೂಗಿ ಹೇಳಿತು. ನನ್ನ ಚಿಕ್ಕಮ್ಮ ಒಂದು ದಿನವೂ ಕೂಗಿದವಳಲ್ಲ. ಸನ್ನಿಯ ದಿನಗಳಲ್ಲಿ ಅವಳು ಮಾಡುತ್ತಿದ್ದದ್ದು ಇಷ್ಟೇ: ಗೋಡೆ ಕಡೆ ಮುಖ ಮಾಡಿ ಬೆರಳು ಎಣಿಸುವುದು.

ಇನ್ನು ಕೊರತೆಯ ಮಾತು. ತ್ರಿವೇಣಿಗೆ ಕಾಯಿಲೆಗೊಂದು ಕಾರಣ ಬೇಕೇ ಬೇಕು. ಕಾವೇರಿಗೆ ಮದುವೆಗೆ ಮುಂಚಿನ ಒಂದು ಘಟನೆಯ ಗಾಯ, ‘ಬೆಕ್ಕಿನ ಕಣ್ಣು’ವಿನವಳಿಗೆ ಮಲತಾಯಿ. ಅವರು ಓದಿದ ಕಾಲದ ಮನಶ್ಶಾಸ್ತ್ರವೇ ಹಾಗಿತ್ತು: ಎಲ್ಲವೂ ಹಿಂದೆಂದೋ ಹೂತ ಗುಟ್ಟಿನಿಂದ ಮೊಳೆಯಬೇಕು, ಅಗೆದರೆ ಸಿಗಬೇಕು. ಕಾದಂಬರಿಗೆ ಅದು ಅನುಕೂಲ, ಗುಟ್ಟೊಂದಿದ್ದರೆ ಪುಟ ತಿರುಗುತ್ತದೆ. ಓದುವವಳಿಗೆ ಮಾತ್ರ ಅನುಕೂಲವಲ್ಲ. ಯಾವ ಗುಟ್ಟೂ ಇಲ್ಲದೆ, ಒಳ್ಳೆಯ ಗಂಡ, ಒಳ್ಳೆಯ ಅತ್ತೆ ಇದ್ದೂ ಸನ್ನಿ ಹಿಡಿಯುತ್ತದೆ ಎಂದು ಆ ಪುಸ್ತಕಗಳು ಹೇಳುವುದಿಲ್ಲ. ಹಾಗಾಗಿ ಗುಣವಾಗಿ ಬಂದವಳ ಸುತ್ತ ಇನ್ನೊಂದು ಪಿಸುಮಾತು ಹುಟ್ಟುತ್ತದೆ: ‘ಏನಿತ್ತೋ ಒಳಗೆ, ಯಾರಿಗ್ಗೊತ್ತು.’ ಬಾಣ ಬಿಡುವವರ ಬತ್ತಳಿಕೆಗೆ ಕಾದಂಬರಿಯೇ ಒಂದು ಬಾಣ ಸೇರಿಸಿದ ಹಾಗಾಯಿತು. ತ್ರಿವೇಣಿಯನ್ನು ಮೆಚ್ಚುವವಳಾದ ನಾನು ಇದನ್ನು ಒಪ್ಪಿಕೊಳ್ಳುವುದಕ್ಕೆ ತುಂಬ ವರ್ಷ ಹಿಡಿಯಿತು.

ಯಾರು ಮಲಗಿದರೆ ಯಾರು ಆರೈಕೆ ಮಾಡುತ್ತಾರೆ ಎಂದು ಸುಮ್ಮನೆ ಲೆಕ್ಕ ಹಾಕಿ ನೋಡಿ. ತ್ರಿವೇಣಿಯವರದೇ ‘ಬೆಳ್ಳಿಮೋಡ’ದಲ್ಲಿ ಆಸ್ತಿ ತಪ್ಪಿತೆಂದು ಇಂದಿರೆಯನ್ನು ಬೇಡವೆಂದ ಮೋಹನ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಾಗ ಅವನ ಸೇವೆ ಮಾಡುವವಳು ಅದೇ ಇಂದಿರೆ. ಅವನು ಎದ್ದು ನಿಂತ ಮೇಲೆ ಮದುವೆಗೆ ಒಲ್ಲೆನೆನ್ನುತ್ತಾಳೆ, ಅದು ಬೇರೆ. ಹೆಣ್ಣು ಮಲಗಿದರೆ? ಕಾವೇರಿಯ ಗಂಡ ಬೇರೆ ಹೆಣ್ಣನ್ನು ಹುಡುಕುತ್ತಾನೆ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರು ಹಾಗಲ್ಲ, ರೋಗಿಷ್ಠೆ ಭಾಗೀರಥಿಗೆ ಗಂಜಿ ಕುಡಿಸಿ, ಮೈ ಒರೆಸಿ, ಇಪ್ಪತ್ತು ವರ್ಷ ಬಾಳಿದವರು. ಎಂಥ ಗಂಡ ಎನಿಸುತ್ತದೆ. ಆದರೆ ಅವರಿಗೆ ಅವಳ ರೋಗ ತಮ್ಮ ಮೋಕ್ಷದ ಮೆಟ್ಟಿಲು. ಇಡೀ ಕಾದಂಬರಿಯಲ್ಲಿ ಭಾಗೀರಥಿಗೆ ತನ್ನ ನೋವಿನ ಬಗ್ಗೆ ಆಡಲು ಎಷ್ಟು ಮಾತು ಸಿಕ್ಕಿದೆ? ಪ್ಲೇಗಿಗೆ ಸಿಕ್ಕಿ ಅವಳು ಸತ್ತಾಗ ನಾವು ಯೋಚಿಸುವುದು ಆಚಾರ್ಯರ ಮುಂದಿನ ಗತಿಯನ್ನೇ. ಅನಂತಮೂರ್ತಿ ಅದನ್ನು ಬಲ್ಲವರೇ, ಆಚಾರ್ಯರ ಪುಣ್ಯದ ಲೆಕ್ಕವನ್ನು ಅವರೇ ಬಯಲು ಮಾಡಿದ್ದಾರೆ. ಆದರೂ ಭಾಗೀರಥಿಯ ಮಂಚದ ಹತ್ತಿರ ಕಾದಂಬರಿ ಕೂರುವುದಿಲ್ಲ.

ನವ್ಯರ ಕಾಲದ ವಿಮರ್ಶೆ ತ್ರಿವೇಣಿಯನ್ನು ‘ಜನಪ್ರಿಯ’ ಎಂಬ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಿತು. 1979ರಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ ಬಂದಾಗ ನಾಗಪ್ಪನ ಭಯ, ಸಂಶಯ, ಯಾರೋ ಬೆನ್ನಟ್ಟುತ್ತಿದ್ದಾರೆಂಬ ತಳಮಳ ಆಧುನಿಕ ಮನುಷ್ಯನ ಅಸ್ತಿತ್ವದ ಪ್ರಶ್ನೆಯಾಯಿತು. ಅದು ದೊಡ್ಡ ಕಾದಂಬರಿ, ಎರಡು ಮಾತಿಲ್ಲ. ಆದರೆ ಸುತ್ತಲಿನವರೆಲ್ಲ ಸೇರಿ ತನ್ನನ್ನು ಬೇಟೆಯಾಡುತ್ತಿದ್ದಾರೆಂಬ ಅನುಭವ ಕಾವೇರಿಯದೂ ಹೌದಲ್ಲವೇ? ಬೊಂಬಾಯಿಯ ಆಫೀಸಿನಲ್ಲಿ ಆದರೆ ತತ್ವ, ಅಡುಗೆಮನೆಯಲ್ಲಿ ಆದರೆ ಕಣ್ಣೀರಿನ ಕಥೆ.

ತ್ರಿವೇಣಿಯ ನಂತರ ಧಾರಾವಾಹಿ ಕಾದಂಬರಿಗಳ ಕಾಲ. ಅಲ್ಲಿ ಕಾಯಿಲೆ ಕಥೆ ಮುಗಿಸುವ ಉಪಾಯವಾಯಿತು: ಹದಿನಾರನೇ ಕಂತಿಗೆ ಕೆಮ್ಮು, ಇಪ್ಪತ್ತಕ್ಕೆ ಬ್ಲಡ್ ಕ್ಯಾನ್ಸರ್, ಇಪ್ಪತ್ತೆರಡಕ್ಕೆ ಕ್ಷಮೆ ಕೇಳುವ ಗಂಡ. ಹೆಚ್ಚು ಹೇಳುವುದಕ್ಕೇನಿಲ್ಲ.

ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುವುದು ಸುಧಾ ಮೂರ್ತಿಯವರ ‘ಮಹಾಶ್ವೇತೆ’. ಬಡ ಮೇಷ್ಟರ ಮಗಳು ಅನುಪಮಾಳನ್ನು ಶ್ರೀಮಂತ ಡಾಕ್ಟರು ಆನಂದ ಮೆಚ್ಚಿ ಮದುವೆಯಾಗುತ್ತಾನೆ. ಅವನು ಇಂಗ್ಲೆಂಡಿಗೆ ಹೋಗಿದ್ದಾಗ ಕೆಂಡ ಬಿದ್ದ ಕಾಲಿನ ಮೇಲೆ ಬಿಳಿ ಮಚ್ಚೆ ಕಾಣುತ್ತದೆ. ತೊನ್ನು. ಅಂಟುವುದಿಲ್ಲ, ಕೊಲ್ಲುವುದಿಲ್ಲ, ಆದರೂ ಅತ್ತೆ ತವರಿಗಟ್ಟುತ್ತಾಳೆ, ಡಾಕ್ಟರು ಗಂಡ ಪತ್ರಕ್ಕೆ ಉತ್ತರಿಸುವುದಿಲ್ಲ. ನಮ್ಮ ಕಡೆ ಇದಕ್ಕೆ ‘ಬಿಳಿ ಕುಷ್ಠ’ ಎಂಬ ಹಳೇ ಹೆಸರೂ ಇತ್ತು. ಆ ಒಂದು ಪದ ಎಷ್ಟು ಮದುವೆ ಮುರಿದಿದೆಯೋ. ಕಾನೂನೂ ಹಿಂದೆ ಬಿದ್ದಿರಲಿಲ್ಲ: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿ 2019ರವರೆಗೂ ಉಳಿದಿತ್ತು, ಮೂರ್ಛೆರೋಗ ಮದುವೆಗೆ ಅಡ್ಡಿಯೆಂಬ ಮಾತನ್ನು ತೆಗೆದದ್ದು 1999ರಲ್ಲಿ. ಬುದ್ಧಿಭ್ರಮಣೆಯ ಕಲಮು ಇನ್ನೂ ಇದೆ.

ಅನುಪಮಾ ಮುಂಬಯಿಗೆ ಹೋಗಿ ಕೆಲಸ ಹಿಡಿಯುತ್ತಾಳೆ, ಸಂಸ್ಕೃತ ಪಾಠ ಹೇಳುತ್ತಾಳೆ. ಗಂಡ ಮರಳಿ ಬಂದಾಗ ಒಲ್ಲೆನೆನ್ನುತ್ತಾಳೆ. ತೊನ್ನು ವಾಸಿಯಾಗದೆ ಉಳಿದುಕೊಂಡೇ ಬದುಕು ಸಾಗುತ್ತದೆ. ‘ಆಮೇಲೆ?’ ಎಂದವರಿಗೆ ಕಾದಂಬರಿಯಲ್ಲಿ ಉತ್ತರ ಸಿಕ್ಕಿದ್ದನ್ನು ನಾನು ಮೊದಲು ಕಂಡದ್ದು ಇಲ್ಲೇ. ಬರವಣಿಗೆ ತೆಳುವು, ಮಾತುಗಳು ಹಲವು ಕಡೆ ಉಪದೇಶದಂತಿವೆ. ಆದರೂ ಈ ಒಂದು ಕಾರಣಕ್ಕೆ ಅದನ್ನು ನಾನು ಬಿಟ್ಟುಕೊಡುವುದಿಲ್ಲ. ನನ್ನ ತಕರಾರು ಬೇರೆ. ಅನುಪಮಾಳ ಕಾಯಿಲೆ ಚರ್ಮದ್ದು, ಮನಸ್ಸು ಗಾಜಿನಷ್ಟು ತಿಳಿ. ಅವಳು ಸುಂದರಿ, ಜಾಣೆ, ತಪ್ಪೇ ಮಾಡದವಳು. ಅವಳ ಪರ ನಿಲ್ಲುವುದು ಓದುಗರಿಗೆ ಸುಲಭ. ರೇಗುವ, ಮಂಕಾಗುವ, ಮಾತ್ರೆಯಿಂದ ಮೈ ಬಂದ, ಮಧ್ಯಾಹ್ನವೆಲ್ಲ ತೂಕಡಿಸುವ ಹೆಂಗಸು ನಾಯಕಿಯಾದರೆ? ನಮ್ಮ ಕಾದಂಬರಿಗಳು ಅಲ್ಲಿ ಹಿಂಜರಿಯುತ್ತವೆ.

ಹಿಂಜರಿಯದವರು ವೈದೇಹಿ, ಅದೂ ಸಣ್ಣಕಥೆಯಲ್ಲಿ. ಗಂಡ ಬಿಟ್ಟುಹೋದ, ಇಲ್ಲದ ಬಸಿರನ್ನು ಇದೆಯೆಂದು ಸಾಧಿಸುವ ಅಕ್ಕು ಓದುಗರ ಮರುಕವನ್ನು ಕೇಳುವುದೇ ಇಲ್ಲ. ಕುಂದಾಪುರದ ಕನ್ನಡದಲ್ಲಿ ಮನೆಯವರ ಮಾನ ಕಳೆಯುತ್ತಾಳೆ. ಅವಳದು ಹುಚ್ಚೋ, ಹುಚ್ಚಿನ ಹೆಸರಲ್ಲಿ ಸಿಕ್ಕ ಮಾತಿನ ಸ್ವಾತಂತ್ರ್ಯವೋ ಎಂದು ಕಥೆ ತೀರ್ಪು ಕೊಡುವುದಿಲ್ಲ. ಈ ಕಥೆಯನ್ನೂ ಸೇರಿಸಿಕೊಂಡು 2018ರಲ್ಲಿ ಚಂಪಾ ಶೆಟ್ಟಿ ‘ಅಮ್ಮಚ್ಚಿಯೆಂಬ ನೆನಪು’ ಚಿತ್ರ ಮಾಡಿದರು.

ಇಷ್ಟೆಲ್ಲ ಆಗಿಯೂ ನಮ್ಮ ತಾಲ್ಲೂಕಿನ ಹೆಂಗಸರು ಈ ಪುಸ್ತಕಗಳಲ್ಲಿ ಕಾಣಸಿಗುವುದು ಕಡಿಮೆ. ಕಾವೇರಿಯದು ಅಡುಗೆಯವರನ್ನು ಇಟ್ಟುಕೊಂಡ ಮನೆ. ಇಲ್ಲಿ ಸನ್ನಿ ಹಿಡಿದವಳನ್ನು ಮೊದಲು ಕರೆದೊಯ್ಯುವುದು ಮಂತ್ರ ಹಾಕುವವರ ಹತ್ತಿರ. ನಾಗದೋಷವಿರಬಹುದೆಂದು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ. ಆಮೇಲೆ ಮೆಜೆಸ್ಟಿಕ್ಕಿನವರೆಗೆ ಬಸ್ಸು, ಅಲ್ಲಿಂದ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಇನ್ನೊಂದು. ಮೈಮೇಲೆ ಬರುವುದು, ಗಾಳಿ ಸೋಕುವುದು, ಇದನ್ನೆಲ್ಲ ಮನಶ್ಶಾಸ್ತ್ರದ ಹೆಮ್ಮೆಯಲ್ಲಿ ಕಾದಂಬರಿ ಹೊರಗಿಟ್ಟಿತು. 2004ರಲ್ಲಿ ‘ಆಪ್ತಮಿತ್ರ’ ಸಿನಿಮಾದ ನಾಗವಲ್ಲಿಯಾಗಿ ಅದು ಗೆಜ್ಜೆ ಕಟ್ಟಿಕೊಂಡು ವಾಪಸು ಬಂತು, ಜೊತೆಗೊಬ್ಬ ಮನೋವೈದ್ಯನನ್ನೂ ಕರೆತಂದಿತು. ಜನ ಇಬ್ಬರಿಗೂ ಶಿಳ್ಳೆ ಹೊಡೆದರು.

ಈಗ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಚಿಕ್ಕಮ್ಮನಿಗೆ ನಡುವೆ ಎರಡು ಸಲ ಮರುಕಳಿಸಿದ್ದರಿಂದ ಮಾತ್ರೆ ನಿಂತಿಲ್ಲ. ಹೋದ ತಿಂಗಳು ನಾನೇ ಜೊತೆಗೆ ಹೋಗಿದ್ದೆ. ಸಾಲಿನಲ್ಲಿ ಹೆಚ್ಚಿನವರು ಹೆಂಗಸರು. ಒಬ್ಬಳ ಬ್ಲೌಸಿನ ತೋಳಿಗೆ ಇನ್ನೂ ರೇಷ್ಮೆಯ ಎಳೆ ಅಂಟಿತ್ತು, ಮಗ್ಗ ನಿಲ್ಲಿಸಿ ನೇರ ಬಂದಿದ್ದಳು. ಇನ್ನೊಬ್ಬಳು ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅದನ್ನು ಟಿಫಿನ್ ಡಬ್ಬಿಯೊಳಗಿಟ್ಟಿದ್ದಳು, ಯಾರೂ ನೋಡದಿರಲಿ ಅಂತ. ಡಾಕ್ಟರು ಕೇಳಿದ್ದು ನಾಲ್ಕು ಪ್ರಶ್ನೆ: ನಿದ್ದೆ, ಊಟ, ಕೆಲಸ, ಮಾತ್ರೆ ತಪ್ಪಿಸಿದ್ದೀರಾ. ಹತ್ತು ನಿಮಿಷವೂ ಆಗಲಿಲ್ಲ.

ಹನ್ನೆರಡಕ್ಕೆ ಮನೆಗೆ ಬಂದೆವು. ಚಿಕ್ಕಮ್ಮ ಮುಖ ತೊಳೆದು ಕಂಡಿಕೆ ಬುಟ್ಟಿ ಎಳೆದುಕೊಳ್ಳುವಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತೆಂದು ಯಾರೋ ಕೂಗಿದರು. ಸೊಸೆ ಆರು ತಿಂಗಳ ಮಗುವನ್ನು ಅವಳ ಮಡಿಲಿಗೆ ಹಾಕಿ, “ನೋಡ್ಕೊಳ್ಳಿ ಅತ್ತೆ” ಎಂದು ಕೊಡ ಹಿಡಿದು ಓಡಿದಳು. ಬೇಗನೆ ವಾಪಸು ಬಂದಳು. ಕೊಡ ಅರ್ಧ ಮಾತ್ರ ತುಂಬಿತ್ತು.