ಸರ್ವರಿಗೆ ಡೆಸ್ಕ್‌ಟಾಪ್ ಏಕೆ?

ಅಥಣಿ ಕಡೆಯ ಒಂದು ಕಾಲೇಜು ಗ್ರಂಥಾಲಯ. ಮಧ್ಯಾಹ್ನದ ಹೊತ್ತು ಕ್ಯಾಟಲಾಗ್ ತೆರೆಯಲೊಲ್ಲದು. ‘ಸರ್ವರ್ ಮಲಕೊಂಡೈತ್ರಿ ಸರ್’ ಎಂದ ಸಹಾಯಕ ಒಳಗೆ ಹೋಗಿ ಕೀಲಿಮಣೆ ತಟ್ಟಿ ಬಂದ. ಪುಸ್ತಕಗಳ ಪಟ್ಟಿ ಮರಳಿತು. ಡೆಬಿಯನ್ ಲಿನಕ್ಸ್ ಮೇಲೆ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹಾಕಿಕೊಂಡಿದ್ದರು, ಜೊತೆಗೆ ಗ್ನೋಮ್ ಡೆಸ್ಕ್‌ಟಾಪ್. ಯಾರೂ ಮುಟ್ಟದಿದ್ದರೆ ಯಂತ್ರವನ್ನು ನಿದ್ರೆಗೆ ಕಳಿಸುವ ಅದರ ಗುಣ ಲ್ಯಾಪ್‌ಟಾಪಿಗೆ ಸರಿ, ಸರ್ವರಿಗಲ್ಲ.

ಡೆಸ್ಕ್‌ಟಾಪ್ ಬೇಡವೆನ್ನುವವರು ಮೊದಲು ಮೆಮೊರಿಯ ಲೆಕ್ಕ ಹೇಳುತ್ತಾರೆ. 4 ಜಿಬಿ ಇರುವ ಹಳೆಯ ಪಿಸಿಯಲ್ಲಿ ಗ್ನೋಮ್ ಸುಮಾರು 1 ಜಿಬಿ ನುಂಗಿದರೆ ಡೇಟಾಬೇಸಿಗೆ ಕಷ್ಟವೇ. 16 ಜಿಬಿಯ ಯಂತ್ರದಲ್ಲಿ ಆ ವಾದಕ್ಕೆ ಬಲವಿಲ್ಲ. ನನಗೆ ಕಾಣುವ ಕೇಡು ಬೇರೆ: ಪರದೆ, ಮೌಸ್ ಇದ್ದಲ್ಲಿ ಮನುಷ್ಯ ಬಂದು ಕೂರುತ್ತಾನೆ. ಪೆನ್‌ಡ್ರೈವ್ ಸಿಕ್ಕಿಸುತ್ತಾನೆ, ಫೈರ್‌ಫಾಕ್ಸ್‌ನಲ್ಲಿ ಕ್ರಿಕೆಟ್ ನೋಡುತ್ತಾನೆ, ಸಂಜೆ ಬಾಗಿಲು ಹಾಕುವಾಗ ಶಿಸ್ತಾಗಿ ಶಟ್‌ಡೌನ್ ಮಾಡಿ ಹೋಗುತ್ತಾನೆ. ಸರ್ವರ್ ಅವನ ಕಣ್ಣಿಗೆ ಇನ್ನೊಂದು ಪಿಸಿ.

ಆದರೂ ಡೆಸ್ಕ್‌ಟಾಪನ್ನು ಹಳಿಯಲು ನಾಲಿಗೆ ಏಳದು. 2000ದ ಜನವರಿಯಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ ಚಾಲೂ ಆದ ಕೋಹಾವನ್ನು ನಮ್ಮ ಗ್ರಂಥಪಾಲಕರು ಕಂಪ್ಯೂಟರ್ ವಿಭಾಗದ ಮುಖ ನೋಡದೆ ಹಾಕಿಕೊಂಡಿದ್ದರೆ, ಧೈರ್ಯ ಕೊಟ್ಟದ್ದು ಕಣ್ಣಿಗೆ ಕಾಣುವ ಆ ಕಿಟಕಿಗಳೇ. ನೆಟ್ ಹೋದ ದಿನ ಬೆಳಗಾವಿಯಿಂದ ಎಸ್‌ಎಸ್‌ಎಚ್ ಮೂಲಕ ಕೈಚಾಚಿ ರಿಪೇರಿ ಮಾಡುವವರೂ ಇರುವುದಿಲ್ಲ. ಕನ್ನಡದ ತೊಡಕೂ ಇದೆ. ಲಿನಕ್ಸಿನ ಬರಿಯ ಕನ್ಸೋಲ್ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಹಿಡಿಯಬಲ್ಲದು. ಒತ್ತಕ್ಷರ ಜೋಡಿಸಲು ಬಾರದು. ‘ಕೃಷ್ಣಾ’ ಎಂಬ ಕಡತ ಅಲ್ಲಿ ಓದಲಾಗದ ಗುರುತುಗಳ ಸಾಲು.

ಹಾಗೆಂದು ಕನ್ನಡವನ್ನು ಸರ್ವರಿನ ಮುಂದೆ ಕೂತೇ ಓದಬೇಕೆಂದಿಲ್ಲ. ಕೋಹಾದ ಕೆಲಸವೆಲ್ಲ ಬ್ರೌಸರಿನಲ್ಲಿ, ಅಂದರೆ ಮುಂದಿನ ಕೌಂಟರಿನ ಪಿಸಿಯಲ್ಲೇ ನಡೆಯುತ್ತದೆ. ಒತ್ತಕ್ಷರಗಳೂ ಅಲ್ಲಿ ಸರಿಯಾಗಿ ಮೂಡುತ್ತವೆ. ಯಂತ್ರದ ಆರೋಗ್ಯ ನೋಡಲು ಕಾಕ್‌ಪಿಟ್ ಇದೆ, ಅದೂ ಬ್ರೌಸರಿನಲ್ಲೇ, 9090ನೇ ಪೋರ್ಟಿನಲ್ಲಿ.

ಡೆಸ್ಕ್‌ಟಾಪನ್ನು ಕಿತ್ತು ಹಾಕುವುದೂ ಬೇಡ. ಯಂತ್ರ ‘ಮಲ್ಟಿ-ಯೂಸರ್ ಟಾರ್ಗೆಟ್’ನಲ್ಲಿ, ಅಂದರೆ ಡೆಸ್ಕ್‌ಟಾಪ್ ಇಲ್ಲದೆ, ಏಳುವಂತೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಗ್ನೋಮ್ ಡಿಸ್ಕಿನಲ್ಲೇ ಸುಮ್ಮನಿರುತ್ತದೆ, ಬೇಕಾದ ದಿನ ಕರೆದರೆ ಬರುತ್ತದೆ. ಅಥಣಿಯಲ್ಲಿ ಅಷ್ಟೇ ಮಾಡಿದೆವು. ಸಹಾಯಕ ಮಾನಿಟರ್ ಬಿಚ್ಚಿ, ವಿದ್ಯಾರ್ಥಿಗಳು ಪುಸ್ತಕ ಹುಡುಕುವ ಮೇಜಿಗೆ ಒಯ್ದಿಟ್ಟ.